ನಾನು ಹೋಗದ ದಿನದ ಎಂಟು ಅಂಕಿಗಳು

ವಿಚಿತ್ರ ಅನುಭವ ಹೇಳಿಕೊಳ್ಳುವವರನ್ನು ಕಂಡರೆ ನನಗೆ ಚಿಕ್ಕಂದಿನಿಂದ ಅಸಡ್ಡೆ. ನಾರಾಯಣಖೇಡದ ನಮ್ಮ ಮನೆಯಲ್ಲಿ ಅಂಥವರಿಗೆ ಬರವಿರಲಿಲ್ಲ. ಸೋದರಮಾವ ಒಬ್ಬರು, ತಮ್ಮದೇ ಎತ್ತನ್ನು, ಅದು ಸತ್ತು ಮೂರು ವರ್ಷವಾದ ಮೇಲೆ, ಜಹೀರಾಬಾದಿನ ಬಸ್ ನಿಲ್ದಾಣದಲ್ಲಿ ಕಂಡಿದ್ದರಂತೆ. ಅದು ಅವರ ಗುರುತನ್ನೂ ಹಿಡಿಯಿತಂತೆ. ಪ್ರತಿ ಸಲ ಹೇಳುವಾಗಲೂ ಎತ್ತಿನ ಕೊಂಬು ಒಂದು ಗೇಣು ಬೆಳೆಯುತ್ತಿತ್ತು. ಎಂ.ಎಸ್ಸಿ. ಮುಗಿಸುವ ಹೊತ್ತಿಗೆ ಇಂಥವರ ಬಗ್ಗೆ ನನ್ನ ತೀರ್ಪು ಸಿದ್ಧವಾಗಿತ್ತು: ಅರ್ಧ ಸುಳ್ಳು, ಇನ್ನರ್ಧ ನೆನಪಿನ ಸೋಮಾರಿತನ. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನಗುವುದಿದ್ದರೆ ನಕ್ಕುಬಿಡಿ, ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ. ಇಂಥ ಕತೆಗಳು ರಾತ್ರಿ ನಡೆಯಬೇಕು. ನನ್ನದು ನಡೆದದ್ದು ಮಟಮಟ ಮಧ್ಯಾಹ್ನ.

ಕೆಲವು ವರ್ಷಗಳ ಹಿಂದೆ ತಾಂಡೂರಿನ ಹೊರಗಿನ ಒಂದು ಹಳೆಯ ಖಣಿಯಲ್ಲಿ ಕೆಲಸ ಮಾಡುತ್ತಿದ್ದೆ. ಹಾಸುಗಲ್ಲು ತೆಗೆದು ಬಿಟ್ಟ ಖಣಿ. ನೀರು ನಿಂತು, ಕೆಸರು ಕೂತು, ಆಳೆತ್ತರ ಜೊಂಡು ಬೆಳೆದು ಅದು ಜೌಗು ನೆಲವಾಗಿತ್ತು. ಜೊಂಡು ಗಾಳಿಯಿಂದ ಇಂಗಾಲ ಹೀರಿಕೊಳ್ಳುತ್ತದೆ, ತಳದ ಕೊಳೆತ ಕೆಸರು ಮೀಥೇನ್ ಬಿಡುತ್ತದೆ. ಯಾವುದು ಹೆಚ್ಚು ಎಂದು ಹೇಳುವುದು ನಮ್ಮ ಕೆಲಸ. ನೀರಿನ ಮೇಲೆ ಪಾರದರ್ಶಕ ಡಬ್ಬಿಯನ್ನು ಬೋರಲು ಹಾಕಿ, ಅದರ ಕೊಳವೆಯನ್ನು ಮೀಟರಿಗೆ ಸಿಕ್ಕಿಸಿ, ಗಂಟೆಗೊಮ್ಮೆ ಅಂಕಿ ಓದಬೇಕು. ದಿನಕ್ಕೆ ಎಂಟು. ಮೀಟರು ತನ್ನ ಮೆಮರಿ ಕಾರ್ಡಿನಲ್ಲಿ ಬರೆದುಕೊಳ್ಳುತ್ತಿತ್ತು. ಆದರೆ ಅದರ ಬ್ಯಾಟರಿ ಆಗಾಗ ಕೈಕೊಡುತ್ತಿದ್ದುದರಿಂದ ನಾನು ಪುಸ್ತಕದಲ್ಲೂ ಬರೆಯಬೇಕಿತ್ತು. ಇಪ್ಪತ್ತು ದಿನದ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿದರೆ ಮಾಡೆಲ್ ಇಡೀ ವರ್ಷದ ಲೆಕ್ಕ ಹೇಳುತ್ತದೆ. ನಡುವಿನ ಕಂಡಿಗಳನ್ನು ತಾನೇ ಊಹಿಸಿ ತುಂಬುತ್ತದೆ. ಮಾಡೆಲ್ ಮಾಡಿದರೆ ಅದು ವಿಜ್ಞಾನ, ನಮ್ಮ ಮಾವ ಮಾಡಿದರೆ ಬೊಗಳೆ.

ಆ ಖಣಿಗೆ ತಮ್ಮ ಕಲ್ಲುಹಿಟ್ಟಿನ ಬಿಳಿ ರಾಡಿ ಸುರಿಯಲು ಪಾಲಿಶ್ ಘಟಕದವರು ಕಾದಿದ್ದರು. ಬಿಡುವುದಕ್ಕಿಂತ ಹೀರುವುದೇ ಹೆಚ್ಚೆಂದು ನಮ್ಮ ವರದಿ ಹೇಳಿದರೆ ಖಣಿ ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚಲು ಪರವಾನಗಿ. ಮುಚ್ಚಿದರೆ ಹೋಗುವುದು ಕಮಳಾಬಾಯಿಯ ಅನ್ನ. ಆಕೆ ಮತ್ತು ಆಕೆಯ ನಾದಿನಿ ಅಲ್ಲಿನ ಜೊಂಡು ಕೊಯ್ದು ಒರಟು ಚಾಪೆ ಹೆಣೆಯುತ್ತಿದ್ದರು. ಲಾರಿಯಲ್ಲಿ ಪಾಲಿಶ್ ಕಲ್ಲುಗಳ ನಡುವೆ ಇಡುವ ಚಾಪೆ. ನನಗೆ ಹವಾ ಸಾಬ್ ಎಂದು ಹೆಸರಿಟ್ಟವಳು ಆಕೆಯೇ.

"ಹವಾ ಸಾಬ್ರ, ಡಬ್ಬ್ಯಾಗ ಹಿಡದ ಹವಾ ಎಲ್ಲಿ ಮಾರ್ತೀರಿ? ನಮಗೂ ಒಂದ್ ಪಾವ್ ಕೊಡ್ರಿ," ಎನ್ನುವಳು. ಮರುಕ್ಷಣ ದನಿ ತಗ್ಗಿಸಿ, "ನಗಿ ಇರ್ಲಿ ಬಿಡ್ರಿ. ನಮ್ಮ ಖಣಿ ಚಲೋ ಅದ ಅಂತ ಬರೀರಿ. ಇದ್ ಮುಚ್ಚಿದ್ರ ನಾವ್ ಎಲ್ಲಿ ಹೋಗ್ಬೇಕ್ರಿ?"

"ಇದ್ದದ್ದ ಬರೀತೀನಿ ಬಾಯಿ," ಎಂದು ದೊಡ್ಡ ಮನುಷ್ಯನಂತೆ ಹೇಳುತ್ತಿದ್ದೆ.

ಹದಿನಾಲ್ಕನೆಯ ದಿನ ನಾನು ಹೋಗಲಿಲ್ಲ. ಕಾರಣ ಹೇಳಲು ನಾಚಿಕೆ: ಹಿಂದಿನ ಸಂಜೆ ಚಪ್ಪಲಿಯ ಉಂಗುಷ್ಟ ಕಿತ್ತು ಹೊಲಿಯಲು ಕೊಟ್ಟಿದ್ದೆ, ಅದು ಕೈಸೇರಿರಲಿಲ್ಲ. ಕಾದ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ಯಾರು ನಡೆಯುತ್ತಾರೆ? ಸ್ಟೇಷನ್ ಎದುರಿನ ಲಾಡ್ಜಿನಲ್ಲಿ ಮೀಟರನ್ನು ಮಂಚದ ಕೆಳಗೆ ತಳ್ಳಿ, ಟಿ.ವಿ.ಯಲ್ಲಿ ಕ್ರಿಕೆಟ್ ನೋಡುತ್ತ ಎಂಟು ಅಂಕಿ ಬರೆದೆ. ಏಳು ಅಂಕಿಗಳು ಹಿಂದಿನ ದಿನದವೇ, ತುಸು ಅಲುಗಾಡಿಸಿದವು. ಎಲ್ಲವೂ ಒಂದೇ ತರ ಇದ್ದರೆ ಸುಳ್ಳು ಎದ್ದು ಕಾಣುತ್ತದೆ. ಅದಕ್ಕೆ ಮಧ್ಯಾಹ್ನ ಒಂದು ಗಂಟೆಯ ಓದಿಗೆ ಕಿಟಕಿಯಾಚೆ ನಿಂತಿದ್ದ ಕಲ್ಲಿನ ಲಾರಿಯ ನಂಬರಿನ ಕೊನೆಯ ಮೂರು ಅಂಕಿ ಹಾಕಿದೆ: ಆರುನೂರ ಹದಿನಾಲ್ಕು. ಕೆಸರಿನಿಂದ ಮೀಥೇನಿನ ದೊಡ್ಡ ಗುಳ್ಳೆ ಎದ್ದರೆ ಹಾಗೆ ಒಮ್ಮೆಲೇ ಏರುವುದುಂಟು. ಕಾರ್ಡಿನಲ್ಲಿ ಆ ದಿನ ಯಾಕಿಲ್ಲ ಎಂದು ಕೇಳಿದರೆ ಬ್ಯಾಟರಿ ಸತ್ತಿತ್ತು ಎಂದರಾಯಿತು.

ನನಗೆ ದಿನಚರಿ ಬರೆಯುವ ಚಟ. ನೆನಪನ್ನು ನಾನು ನಂಬುವುದಿಲ್ಲ, ಅದೂ ಕಂಡಿ ತುಂಬುವ ಯಂತ್ರವೇ. ಆ ದಿನದ ಪುಟದಲ್ಲಿ ಇರುವುದು ಇಷ್ಟು: "ಹೋಗಲಿಲ್ಲ. ಎಂಟೂ ಕೂತಲ್ಲೇ ಬರೆದೆ."

ಮರುದಿನ ಹೊಲಿದ ಚಪ್ಪಲಿ ಮೆಟ್ಟಿ ಹೋದಾಗ ಕಮಳಾಬಾಯಿ ಮುಖ ಊದಿಸಿಕೊಂಡು ಕೂತಿದ್ದಳು.

"ನಿನ್ನಿ ಯಾಕ್ರಿ ಅಷ್ಟ್ ಗರಮ್? ಮೂರ್ ಸಲ ಕರದೆ, ತಿರುಗಿ ಸೈತ ನೋಡ್ಲಿಲ್ಲ."

"ನಿನ್ನಿ ನಾ ಬಂದೇ ಇಲ್ಲ ಬಾಯಿ."

"ಅಯ್ಯ, ಮಸ್ಕಿರಿ ಮಾಡಬ್ಯಾಡ್ರಿ. ಮುಂಜಾನಿಂದ ಸಂಜಿ ತನಕ ಆ ಕಲ್ಲಿನ ಮ್ಯಾಲ ಡಬ್ಬಿ ಇಟಗೊಂಡ್ ಕುಂತಿದ್ರಿ. ಕಾಲಾಗ ಚಪ್ಪಲ್ ಇರ್ಲಿಲ್ಲ. ಈ ಮನಷ್ಯಾಗ ಕಾಲ್ ಸುಡಂಗಿಲ್ಲೇನು ಅಂತ ಇಕಿಗಿ ಅಂದೆ."

ಜೊಂಡು ಕೊಯ್ಯುತ್ತಿದ್ದ ನಾದಿನಿ ತಲೆಯೆತ್ತದೆ "ಹೌದ್ರಿ" ಎಂದಳು.

ದಿನ ತಪ್ಪಿ ಹೇಳುತ್ತಿದ್ದಾರೆ ಎಂದುಕೊಂಡೆ. ಶಾಲೆ ಕಾಣದವರಿಗೆ ನಿನ್ನೆಯೂ ಮೊನ್ನೆಯೂ ಒಂದೇ ಎಂಬ ಕೊಬ್ಬು ನನಗೆ. ಆದರೂ ಚಪ್ಪಲಿಯ ಮಾತು ಕಚ್ಚುತ್ತಿತ್ತು. ಅದು ಕಿತ್ತದ್ದು ಲಾಡ್ಜಿನ ಮೆಟ್ಟಿಲ ಮೇಲೆ. ಆಕೆಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಎರಡು ತಿಂಗಳಿಗೆ ಸರ್ ಕರೆಸಿದರು. ಸರ್ ಅಂದರೆ ಹೈದರಾಬಾದಿನಲ್ಲಿ ಕೂತು ಈ ಕೆಲಸ ನಡೆಸುತ್ತಿದ್ದ ಪ್ರಾಧ್ಯಾಪಕರು. ನಮ್ಮ ಕಡೆಯವರೇ. ಖಣಿಗೆ ಒಂದೇ ಸಲ ಬಂದು, ಕಾರಿನ ಗಾಜು ಇಳಿಸದೆ ನೋಡಿಕೊಂಡು ಹೋದವರು. ವರದಿ ಸಿದ್ಧವಾಗಿತ್ತು: ಖಣಿ ಮೀಥೇನಿನ ದೊಡ್ಡ ಮೂಲ, ಮುಚ್ಚುವುದೇ ಲೇಸು. ಇಪ್ಪತ್ತು ದಿನದಲ್ಲಿ ಎದ್ದದ್ದು ಒಂದೇ ಗುಳ್ಳೆ. ಮಾಡೆಲ್ ಅದನ್ನು ವರ್ಷದ ಬಿಸಿಲಿನ ದಿನಗಳಿಗೆಲ್ಲ ಹಂಚಿಬಿಟ್ಟಿತ್ತು. ಆ ಒಂದು ಓದನ್ನು ತೆಗೆದರೆ ಫಲಿತಾಂಶ ಹೇಗೆ ತಿರುಗಿ ಬೀಳುತ್ತದೆ ಎಂಬುದನ್ನೂ ಸರ್ ಹೆಮ್ಮೆಯಿಂದ ತೋರಿಸಿದರು. ಒಂದು ಲಾರಿಯ ನಂಬರು ಖಣಿಯನ್ನು ನುಂಗುವುದನ್ನು ನಾನು ಕುರ್ಚಿಯಲ್ಲಿ ಕೂತು ನೋಡಿದೆ.

ಒಪ್ಪಿಕೊಂಡೆ. ನನ್ನ ಜೀವನದಲ್ಲಿ ನಾನು ಮಾಡಿದ ಏಕೈಕ ಧೈರ್ಯದ ಕೆಲಸ ಅದು. "ಸರ್, ಅವತ್ತ ನಾ ಹೋಗಿಲ್ಲ. ಅದು ಸುಳ್ಳ ಅದ."

ಸರ್ ನಕ್ಕರು. "ನಿನಗ ಬಿಸಲ ತೆಲಿಗಿ ಏರ್ಯದ. ನಿನ್ ಪುಸ್ತಕ ನಂಬಿ ವರದಿ ಬರೀಲಾಕ ನಾ ಹುಚ್ಚೇನು? ಕಾರ್ಡ್ ನೋಡು."

ಪರದೆ ನನ್ನತ್ತ ತಿರುಗಿತು. ಅದೇ ದಿನಾಂಕ. ಎಂಟು ಓದು. ಎಂಟೂ ನನ್ನವೇ. ಮಧ್ಯಾಹ್ನ ಒಂದಕ್ಕೆ ಆರುನೂರ ಹದಿನಾಲ್ಕು.

"ಇನ್ನೇನ್ ಸುಳ್ಳೋ? ಹೋಗು, ಚಹಾ ಕುಡದ್ ಬಾ."

ಕಾರ್ಡಿನ ಜೊತೆ ನಾನು ಕಳಿಸಿದ್ದ ಪುಸ್ತಕ ಮೇಜಿನ ಮೂಲೆಯಲ್ಲಿತ್ತು. ನಾನು ಕಟ್ಟಿದ ದಾರದ ಗಂಟನ್ನು ಯಾರೂ ಬಿಚ್ಚಿರಲಿಲ್ಲ. ಅದನ್ನು ನೋಡಿ ಕಾರ್ಡಿಗೆ ತುಂಬಿದರು ಎನ್ನುವಂತಿಲ್ಲ. ಹಾಗೆ ಮೋಸ ಮಾಡಲೂ ಶ್ರಮ ಬೇಕು, ಸರ್ ಅಂಥ ಶ್ರಮಜೀವಿಯಲ್ಲ. ನನ್ನ ತಪ್ಪೊಪ್ಪಿಗೆಗೆ ನಾಲ್ಕಾಣೆ ಬೆಲೆಯೂ ಉಳಿಯಲಿಲ್ಲ. ಸುಳ್ಳು ನಿಜವಾಗಿ ಹೋದ ಮೇಲೆ ಯಾರ ಮುಂದೆ ಹೋಗಿ ಏನನ್ನು ಹಿಂತೆಗೆದುಕೊಳ್ಳಲಿ? ವರದಿ ಹೋಯಿತು.

ನಾನೇ ಹೋಗಿ ಮರೆತೆನೆ? ಇದನ್ನು ನನಗೆ ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೋಗಲಿಲ್ಲ ಎಂದು ನಾನು ಬರೆದೆ ಎನ್ನುವುದಕ್ಕೆ ಮಾತ್ರ ದಿನಚರಿ ಸಾಕ್ಷಿ. ಹೋಗಲಿಲ್ಲ ಎನ್ನುವುದಕ್ಕಲ್ಲ. ಆದರೆ ಹೋಗಿದ್ದರೆ ಲಾಡ್ಜಿನ ಕಿಟಕಿಯ ಲಾರಿ ನನಗೆ ಹೇಗೆ ಕಂಡಿತು? ಹೋಗದಿದ್ದರೆ ಮಂಚದ ಕೆಳಗಿನ ಮೀಟರು ಆ ನಂಬರನ್ನು ಎಲ್ಲಿಂದ ತಂದಿತು? ಮನಶ್ಶಾಸ್ತ್ರ ಓದಿದ ಗೆಳೆಯನೊಬ್ಬ ಐದು ನಿಮಿಷದಲ್ಲಿ ಇದಕ್ಕೊಂದು ಉದ್ದನೆಯ ಹೆಸರು ಕೊಟ್ಟ. ಹೆಸರು ಕೊಟ್ಟರೆ ಕೆಲಸ ಮುಗಿಯಿತು ಎಂದುಕೊಳ್ಳುವವರಲ್ಲಿ ಅವನೂ ಒಬ್ಬ. ಒಂದು ಪ್ರಶ್ನೆಯನ್ನೂ ಕೇಳದೆ ನಂಬಿದವರು ಎತ್ತಿನ ಮಾವ ಮಾತ್ರ. "ಈಗರೆ ತಿಳೀತೇನಪಾ?" ಎಂದರು. ಇಷ್ಟೆಲ್ಲದರಲ್ಲಿ ನನಗಾದ ಅತಿ ದೊಡ್ಡ ಅವಮಾನ ಅದು.

ಕಳೆದ ಬೇಸಿಗೆಯಲ್ಲಿ ತಾಂಡೂರಿಗೆ ಹೋಗಿದ್ದೆ. ಖಣಿ ಇದ್ದಲ್ಲಿ ಬಿಳಿ ಬಯಲು. ಕಮಳಾಬಾಯಿ ಪಾಲಿಶ್ ಘಟಕದಲ್ಲಿ ರಾಡಿ ಬಾಚುವ ಕೂಲಿಗೆ ಸೇರಿದ್ದಳು. ತನ್ನ ಖಣಿಯನ್ನು ತುಂಬಿದ ಅದೇ ರಾಡಿ. ಒಂದೇ ದಿನದ ಓದಿನಿಂದ ಹೀಗಾಯಿತು, ಚಪ್ಪಲಿ ಇಲ್ಲದ ನನ್ನನ್ನು ನೀನು ನೋಡಿದೆ ಎಂದಿದ್ದ ದಿನದ ಓದು ಅದು ಎಂದು ಹೇಳಿದೆ. ಆಕೆ ಕೈಯ ಬಿಳಿಯನ್ನು ಸೆರಗಿಗೆ ಒರೆಸಿಕೊಂಡಳು.

"ಅವತ್ತೊಂದ್ ದಿನ ನೀವ್ ಬರದಿದ್ರ ಚಲೋ ಇತ್ರಿ, ಹವಾ ಸಾಬ್ರ."

"ನಾ ಬಂದಿದ್ದಿಲ್ಲ ಬಾಯಿ. ಆಣಿ ಮಾಡಿ ಹೇಳ್ತೀನಿ."

ಆಕೆ ಹೂಂ ಎಂದು ತಲೆಯಾಡಿಸಿದಳು. ಆ ತಲೆಯಾಡಿಕೆ ನನಗೆ ಚೆನ್ನಾಗಿ ಗೊತ್ತು. ಮಾವ ಎತ್ತಿನ ಕತೆ ಹೇಳುವಾಗ ನಾನೂ ಹಾಗೇ ತಲೆಯಾಡಿಸುತ್ತಿದ್ದೆ. ಹೊರಟು ನಿಂತಾಗ ಆಕೆ ಒಮ್ಮೆ ಬಗ್ಗಿ ನನ್ನ ಕಾಲು ನೋಡಿದಳು. ನಾನೂ ನೋಡಿಕೊಂಡೆ. ಚಪ್ಪಲಿ ಇತ್ತು.