ಕೆರೆಯವರೆಗೆ ಒಂದೂ ಮೆಟ್ಟಿಲಿಲ್ಲ

ಬೆಳಗಿನ ಆರು ಗಂಟೆ, ಭಾನುವಾರ. ಊರು ಇನ್ನೂ ಆಕಳಿಸುತ್ತಿದೆ. ಗುಡ್ಡದ ಪಕ್ಕದ ಕಾಲುದಾರಿಯಲ್ಲಿ ಹಿರಿಯರೊಬ್ಬರು ಗಾಲಿಕುರ್ಚಿಯಲ್ಲಿ ಕೂತು, ತಮ್ಮ ಕೈಯಿಂದಲೇ ಚಕ್ರ ತಿರುಗಿಸಿಕೊಂಡು ಬರುತ್ತಿದ್ದಾರೆ. ಮಂಡಿಗಳ ನಡುವೆ ಅಂಚಿನವರೆಗೆ ನೀರು ತುಂಬಿದ ಸ್ಟೀಲ್ ಲೋಟ.

ಅಯ್ಯೋ ಪಾಪ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಅವರು ಪಟ್ಟನೆ ಎದ್ದು ನಿಂತು, ನೆಲದ ಮೇಲೆ ಸುಣ್ಣದ ಗೆರೆ ಎಳೆಯುತ್ತಾರೆ. ನೆಲದ ಏರುಪೇರಿಗೆ ಲೋಟ ತುಳುಕಿದ ಜಾಗ ಅದು. ಅಲ್ಲಿ ಮತ್ತೆ ಜಲ್ಲಿಪುಡಿ ಹರಡಿ, ನೀರು ಚಿಮುಕಿಸಿ, ಗಟ್ಟಿಯಾಗುವವರೆಗೆ ಕುಟ್ಟಬೇಕು.

"ಇವತ್ತು ಮೂರೇ ಕಡೆ ಚೆಲ್ಲಿದ್ದು. ಶುರುವಿನಲ್ಲಿ ಲೋಟದಲ್ಲಿ ಏನೂ ಉಳೀತಿರಲಿಲ್ಲ, ಎಲ್ಲ ಪ್ಯಾಂಟಿನ ಮೇಲೇ" ಎನ್ನುತ್ತಾರೆ ಮೇಸ್ತ್ರಿ.

ಊರಿಗೆಲ್ಲ ಅವರು ಮೇಸ್ತ್ರಿ. ವಯಸ್ಸು ಅರವತ್ತೆಂಟು, ನಲವತ್ತು ವರ್ಷ ಗಾರೆ ಕೆಲಸ ಮಾಡಿದ ಕೈ. ಎರಡು ಬೀದಿ ಆಚೆ ಅವರ ಅಕ್ಕನ ಮನೆ. ಚಿಕ್ಕಂದಿನಲ್ಲಿ ಗುಡ್ಡದ ಹಿಂದಿನ ಕೆರೆಯಲ್ಲಿ ತಮ್ಮನನ್ನು ನೀರಿಗೆ ತಳ್ಳಿ ಈಜು ಕಲಿಸಿದವರು ಆಕೆ. ಆರು ವರ್ಷದ ಹಿಂದೆ ಬಿದ್ದು ಬೆನ್ನಿಗೆ ಪೆಟ್ಟಾಗಿ ಅಕ್ಕನ ಕಾಲಿನ ಬಲ ಹೋಯಿತು. ನಾಲಿಗೆಯ ಬಲ ಮಾತ್ರ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ ಎಂದು ಮೇಸ್ತ್ರಿ ನಗುತ್ತಾರೆ.

ಒಮ್ಮೆ ಮೂವರು ಸೇರಿ ಆಕೆಯನ್ನು ಕುರ್ಚಿ ಸಮೇತ ಎತ್ತಿಕೊಂಡು ಕೆರೆಗೆ ಹೋಗಿದ್ದರಂತೆ. ಮನೆಗೆ ಬಂದ ಮೇಲೆ ಅಕ್ಕ ತಮ್ಮನಿಗೆ ಹೇಳಿದ್ದು ಇಷ್ಟೇ: "ಮೂಟೆ ತರ ಹೊತ್ಕೊಂಡು ಹೋಗೋದಾದ್ರೆ ನನಗೆ ಕೆರೆ ಬೇಡ ಕಣೋ. ಮನಸ್ಸು ಬಂದಾಗ ನಾನೇ ಹೋಗಬೇಕು, ನಾನೇ ಬರಬೇಕು."

ಅಡ್ಡ ಇದ್ದದ್ದು ಮೂವತ್ತೆರಡು ಕಲ್ಲಿನ ಮೆಟ್ಟಿಲು. ಹರೆಯದಲ್ಲಿ ಅವನ್ನು ಕಟ್ಟಿದವರೂ ಇದೇ ಮೇಸ್ತ್ರಿ! ಹಾಗಾಗಿ ಅವರು ಯಾರನ್ನೂ ದೂರದೆ ಗುದ್ದಲಿ ಹಿಡಿದರು. ಮೆಟ್ಟಿಲನ್ನು ಅದರ ಪಾಡಿಗೆ ಬಿಟ್ಟು, ಗುಡ್ಡವನ್ನು ಬಳಸಿಕೊಂಡು ಹೋಗುವ ದಾರಿಗೆ ಗುರುತು ಹಾಕಿದರು. ಒಂದಡಿ ಏರಬೇಕಾದರೆ ಇಪ್ಪತ್ತಡಿ ಸಾಗಬೇಕು, ಎರಡು ಕುರ್ಚಿ ಎದುರಾದರೂ ಇಕ್ಕಟ್ಟಾಗಬಾರದು ಎಂಬುದು ಲೆಕ್ಕ. ಎರಡನೇ ವಾರ ಬೇಕರಿಯವರು ಬಂದು, ಯಾವ ನಿಧಿ ಅಗೀತಿದ್ದೀರಿ ಎಂದು ಕಾಲೆಳೆದು, ಕೊನೆಗೆ ತಾವೇ ಬುಟ್ಟಿ ಎತ್ತಿಕೊಂಡರು. ಆಮೇಲೆ ಬಟ್ಟೆ ಹೊಲಿಯುವವರು, ನಿವೃತ್ತ ನರ್ಸ್, ಒಬ್ಬೊಬ್ಬರಾಗಿ ಸೇರಿ ಈಗ ಹದಿನಾಲ್ಕು ಜನ. ವಾರಕ್ಕೆ ಇಪ್ಪತ್ತು ಅಡಿಯಂತೆ ನಾಲ್ಕು ವರ್ಷದಲ್ಲಿ ನಾಲ್ಕು ಸಾವಿರ ಅಡಿ.

ಒಂದು ಎಡವಟ್ಟಿನ ಕಥೆಯನ್ನು ಎಲ್ಲರೂ ಒಟ್ಟಿಗೇ ಹೇಳಲು ಶುರುಮಾಡುತ್ತಾರೆ. ಅರ್ಧ ದಾರಿಯಲ್ಲಿ, ಕೆರೆ ಮೊದಲ ಸಲ ಕಾಣುವ ತಿರುವಿನಲ್ಲಿ, ಯಾರೂ ಜಾರಬಾರದೆಂದು ಮೇಸ್ತ್ರಿ ಒಂದು ಗೋಡೆ ಕಟ್ಟಿದರು. ಜೀವಮಾನದಲ್ಲೇ ಅಷ್ಟು ಅಚ್ಚುಕಟ್ಟಾದ ಗೋಡೆಯನ್ನು ಅವರು ಕಟ್ಟಿರಲಿಲ್ಲ. ಅಕ್ಕನನ್ನು ಕರೆತಂದು ಕುರ್ಚಿಯನ್ನು ಅಲ್ಲಿ ನಿಲ್ಲಿಸಿ ಹದಿನಾಲ್ಕು ಜನವೂ ಕೆರೆ ನೋಡುತ್ತಾ ಚಪ್ಪಾಳೆ ತಟ್ಟಿದರು. ಅಕ್ಕ ಕಲ್ಲಿನ ಮೇಲೆ ಕೈಯಾಡಿಸಿ, "ಗೋಡೆ ಚೆನ್ನಾಗಿದೆ. ಕೆರೆ ಎಲ್ಲಿ?" ಎಂದರು.

ನಿಂತವರ ಎದೆಮಟ್ಟದ ಗೋಡೆ, ಕೂತವರ ಕಣ್ಣಿಗೆ ಬರೀ ಕಲ್ಲು. ಮಾರನೇ ದಿನವೇ ಮೇಸ್ತ್ರಿ ಅದನ್ನು ಕೆಡವಿ ಸಣ್ಣ ಕಂಬಿ ಹಾಕಿದರು. ಅಂದಿನಿಂದ ಗಾಲಿಕುರ್ಚಿಯಲ್ಲಿ ಕೂತು ನೋಡದೆ ಯಾವ ಕೆಲಸವನ್ನೂ ಮುಗಿಯಿತು ಎನ್ನುವಂತಿಲ್ಲ. ಬೇಕರಿಯವರ ಗಾತ್ರಕ್ಕೆ ಕುರ್ಚಿ ಒಮ್ಮೆ ಮುನಿಸಿಕೊಂಡದ್ದೂ ಉಂಟು.

ಈ ಭಾನುವಾರ ಕೊನೆಯ ಇಪ್ಪತ್ತು ಅಡಿ. ಹತ್ತು ಗಂಟೆಗೆ ಸುಣ್ಣದ ಗೆರೆಗಳೆಲ್ಲ ಮಾಯ. ಕೈಗೂಸಿನ ಗಾಡಿ ತಳ್ಳುತ್ತಾ ಒಬ್ಬ ತಾಯಿ, ಬಿಳಿ ಕೋಲು ಹಿಡಿದ ಸಂಗೀತದ ಮೇಷ್ಟ್ರು ಆಗಲೇ ನಡೆದು ನೋಡುತ್ತಿದ್ದಾರೆ. ಅಕ್ಕ ಬರುತ್ತಾರೆ. ಯಾರೂ ತಳ್ಳುವುದಿಲ್ಲ, ಆದರೆ ಹಿಂದೆ ಹದಿನಾಲ್ಕು ಜನ, ಜೊತೆಗೆ ನಾನು. ನೀರಿನ ಅಂಚಿಗೆ ಹೋಗಿ ಅಕ್ಕ ಕೈ ಅದ್ದುತ್ತಾರೆ. ನನ್ನ ಕಣ್ಣು ತುಂಬಿ ಬರುತ್ತದೆ. ಅಕ್ಕ ಮಾತ್ರ ತಿರುಗಿ, ಇಷ್ಟು ಜನ ಬೆನ್ನಿಗೆ ಬಿದ್ದರೆ ಇದನ್ನು ಒಬ್ಬಳೇ ಹೋಗುವುದು ಅನ್ನುತ್ತಾರಾ ಎಂದು ಗೊಣಗುತ್ತಾರೆ. ಮೇಸ್ತ್ರಿಯ ಮುಖ ಸಪ್ಪಗಾಗುತ್ತದೆ.

ಪತ್ರಿಕೆಗೆ ಇಷ್ಟು ಬರೆದಿಟ್ಟು, ಒಂದು ಅಳತೆ ಖಚಿತಪಡಿಸಿಕೊಳ್ಳಲು ಗುರುವಾರ ಫೋನ್ ಮಾಡುತ್ತೇನೆ. ಅಳತೆಯ ಮಾತೇ ಬೇಡ ಎನ್ನುವಷ್ಟು ಖುಷಿಯಲ್ಲಿದ್ದಾರೆ ಮೇಸ್ತ್ರಿ. ಬೆಳಗ್ಗೆ ಅಕ್ಕನ ಮನೆಗೆ ಹೋದರೆ ಬಾಗಿಲಿಗೆ ಬೀಗ. ಒಂದೇ ಉಸಿರಿಗೆ ಕೆರೆಗೆ ಓಡಿದ್ದಾರೆ.

"ನೀರಿನ ಹತ್ತಿರ ಒಬ್ಬಳೇ ಕೂತಿದ್ದಾಳೆ, ಆರಾಮಾಗಿ. ಒಂದು ಮಾತು ಹೇಳೋದಲ್ವಾ ಅಂದೆ. ನಿನಗ್ಯಾಕೆ ಹೇಳಲಿ, ಹೋಗು ಅಂದಳು. ಸಾರ್, ನಾಲ್ಕು ವರ್ಷ ಕಲ್ಲು ಕುಟ್ಟಿದ್ದು ಈ ಬೈಗುಳಕ್ಕೇ."