ಮುದಕವ್ವನ ಹಳದಿ ಚಹಾ

ಹೊತ್ತು ಮೂಡುವ ಮೊದಲೇ ಮುದಕವ್ವ ಬೇಲಿಯ ಬಳಿ ನಿಂತಿದ್ದಾಳೆ. ಹಾನಗಲ್ಲಿನಿಂದ ಎರಡು ಹರದಾರಿ ದೂರದ ಮಾವಿನ ತೋಟ. ಅದರ ಅಂಚಿಗೆ ಬೇಲಿಯಾಗಿ ಹತ್ತೊಂಬತ್ತು ಚಹಾ ಗಿಡ. ಮೊಗ್ಗಿನಂಥ ಕುಡಿ, ಅದರ ಕೆಳಗಿನ ಒಂದು ಎಲೆ, ಇಷ್ಟನ್ನೇ ಬೆರಳಿನಿಂದ ಮುರಿದು ಉಡಿಗೆ ಹಾಕಿಕೊಳ್ಳುತ್ತಾಳೆ. ಉಗುರು ತಾಗಿದಲ್ಲಿ ಎಲೆ ಕಪ್ಪಾಗುತ್ತದೆ. ಬಿಸಿಲು ಮರಗಳ ನೆತ್ತಿಗೆ ಬರುವಷ್ಟರಲ್ಲಿ ಒಂದು ಸೇರು ಆಗುತ್ತದೆ. ಒಣಗಿದರೆ ಅದು ಪಾವಸೇರು ಚಹಾ.

ಇವತ್ತಿನ ಪಾವಸೇರಿನ ಮೇಲೆ ಹತ್ತೊಂಬತ್ತು ಗಿಡಗಳ ಜೀವ ನಿಂತಿದೆ. ತೋಟದ ಧಣಿ ಕುಬೇರಪ್ಪನಿಗೆ ಆ ಜಾಗದಲ್ಲಿ ದನದ ಕೊಟ್ಟಿಗೆ ಬೇಕು. ಹುಬ್ಬಳ್ಳಿಯ ಚಹಾ ವ್ಯಾಪಾರಿಯೊಬ್ಬರು ಮಾಲು ಕೊಂಡರೆ ಗಿಡ ಇರಲಿ, ಇಲ್ಲದಿದ್ದರೆ ಕೀಳಿಸುತ್ತೇನೆ ಎಂದಿದ್ದಾನೆ. ಆ ವ್ಯಾಪಾರಿ ಹೋದ ತಿಂಗಳು ಒಂದು ಬಟ್ಟಲು ಕುಡಿದು ಮುಖ ಗಂಟಿಕ್ಕಿದ್ದರು. ಚಹಾದಲ್ಲಿ ಹಣ್ಣಿನ ಪರಿಮಳ.

"ಮಾವಿನಹಣ್ಣಿನ ರಸ ಹಾಕೀ ನೀ."

"ಹಾಕಿಲ್ರಿ. ಅದು ಎಲಿಯೊಳಗಿಂದನ ಬರ್ತೈತ್ರಿ" ಎಂದರೆ ನಂಬುವವರಾರು? ಪಕ್ಕದ ಕೋಣೆಯ ತುಂಬ ಮಾವಿನಕಾಯಿ ಇತ್ತು.

ಆ ಕಾಯಿಯೂ ಮುದಕವ್ವನ ಕೆಲಸವೇ. ಹನ್ನೆರಡನೆಯ ವಯಸ್ಸಿನಿಂದ ಈ ತೋಟದ ಕಾಯಿಗಳನ್ನು ಹುಲ್ಲಿನಲ್ಲಿ ಅಡಿ ಹಾಕಿ ಹಣ್ಣು ಮಾಡುತ್ತ ಬಂದಿದ್ದಾಳೆ. ಹುಲ್ಲು ಸರಿಸುವುದಿಲ್ಲ, ಕೈ ತೂರಿಸಿ ಒಳಗಿನ ಕಾವು ನೋಡಿ "ನಾಳೆ ಮುಂಜಾನೆ ತಗೀರಿ" ಎನ್ನುತ್ತಾಳೆ. ಹಾನಗಲ್, ಶಿಗ್ಗಾವಿಯ ಸಂತೆಗಳಿಂದ ಅವಳ ಹಣ್ಣು ಕೊಳೆತು ಮರಳಿದ್ದಿಲ್ಲ.

ಚಹಾ ಕಲಿಸಿದವನು ಹಲ್ಲು ಕಟ್ಟುವ ಒಬ್ಬ ಚೀನಿ. ಮೂವತ್ತೆಂಟನೆಯ ಇಸವಿಯಲ್ಲಿ ಯಲವಿಗಿ ಸ್ಟೇಶನ್ನಿನಲ್ಲಿ ರೈಲಿಳಿದು ಸವಣೂರು, ಶಿಗ್ಗಾವಿ, ಹಾನಗಲ್, ಹಿರೇಕೆರೂರು ಎಂದು ಸಂತೆಯಿಂದ ಸಂತೆಗೆ ಸೈಕಲ್ ತುಳಿಯುತ್ತಿದ್ದ. ಕುಬೇರಪ್ಪನ ತಂದೆಗೆ ಹಲ್ಲು ಕಟ್ಟಲು ತೋಟಕ್ಕೆ ಬಂದವನು ಬೇಲಿ ನೋಡಿ ನಿಂತುಬಿಟ್ಟ. ಆ ಹಿರಿಯರು ಯಾವುದೋ ಹುಕಿಗೆ ನೀಲಗಿರಿಯಿಂದ ತಂದು ನೆಟ್ಟ ಗಿಡಗಳವು. ಆಡೂ ಮೂಸುತ್ತಿರಲಿಲ್ಲ.

"ಎಲಿ ಮೂಸಿ ನೋಡಿ ಕಣ್ಣೀರು ಹಾಕಿದ್ರಿ ಪುಣ್ಯಾತ್ಮ. ಈ ಕಡೆ ದೊಡ್ಡ ಧಣ್ಯಾರು ಬೊಚ್ಚ ಬಾಯಿ ತಕ್ಕೊಂಡು ಕುಂತಾರ, ಆ ಕಡೆ ಇವಾ ಬೇಲಿ ಮುಂದ ಅಳಾಕತ್ತಾನ!" ಮುದಕವ್ವ ಈಗಲೂ ಸೆರಗು ಬಾಯಿಗೆ ಒತ್ತಿ ನಗುತ್ತಾಳೆ. "ಅವಂಗ ಕನ್ನಡ ಬರ್ತಿದ್ದುದು ಎರಡ ಮಾತ್ರಿ. ಬಾಯಿ ತಗಿ, ಬಾಯಿ ಮುಚ್ಚು. ಅವೆರಡರಾಗ ಇಡೀ ಚಹಾ ಕಲಿಸಿದ."

ಹಸಿ ಎಲೆಯನ್ನು ಕಬ್ಬಿಣದ ಬಾಣಲೆಯಲ್ಲಿ ಬರಿಗೈಯಿಂದ ಆಡಿಸಿ ಬಾಡಿಸಬೇಕು. ಪಸೆ ಆರುವ ಮೊದಲೇ, ಬೆಚ್ಚಗಿದ್ದಂತೆಯೇ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಬೇಕು. ಗಂಟಿನೊಳಗೆ ತನ್ನ ಕಾವಿಗೆ ತಾನೇ ಎಲೆ ಹಳದಿಗೆ ತಿರುಗುತ್ತದೆ. ಒಗರು ಇಳಿದು ಹಣ್ಣಿನ ಪರಿಮಳ ಏಳುತ್ತದೆ. ನಡುನಡುವೆ ಗಂಟಿನ ಬಾಯಿ ತೆಗೆದು, ಆರಿಸಿ, ಮತ್ತೆ ಬಿಸಿ ಮಾಡಿ, ಬಾಯಿ ಮುಚ್ಚಬೇಕು. ಎರಡು ದಿನ ಹೀಗೆ. ಕೊನೆಗೆ ಬೂದಿ ಮುಚ್ಚಿದ ಕೆಂಡದ ಮೇಲೆ ಬುಟ್ಟಿಯಲ್ಲಿಟ್ಟು ಒಣಗಿಸಬೇಕು. ಎಷ್ಟು ಹೊತ್ತಿಗೆ ಬಾಯಿ ತೆಗೆಯಬೇಕೆಂದು ಚೀನಿ ಹೇಳಿಕೊಡಲಿಲ್ಲ. ಅಷ್ಟು ಮಾತು ಅವನಲ್ಲಿರಲಿಲ್ಲ. ಅದನ್ನು ಮುದಕವ್ವನ ಕೈ ಮಾವಿನ ಅಡಿಯಿಂದ ಮೊದಲೇ ಕಲಿತಿತ್ತು.

ಅವನು ಬಂದದ್ದು ನಾಲ್ಕು ಬೇಸಿಗೆ. ನಲವತ್ತೆರಡರಿಂದ ಬಂದಿಲ್ಲ. "ಲಡಾಯಿ ಅಂದ್ರು" ಎಂದು ಮುದಕವ್ವ ಅಷ್ಟಕ್ಕೇ ನಿಲ್ಲಿಸುತ್ತಾಳೆ.

ಇವತ್ತು ಒಂಬತ್ತರ ಮೋಟಾರಿಗೆ ವ್ಯಾಪಾರಿ ಬರುತ್ತಾರೆ, ಜೊತೆಗೆ ಅವರ ಆಳು ರಾಜೇಸಾಬ. ಈ ಸಲ ಕೆಲಸವೆಲ್ಲ ಮಾವಿನ ಕೋಣೆಯಿಂದ ದೂರ, ಕುಬೇರಪ್ಪನ ಮನೆಯ ಪಡಸಾಲೆಯಲ್ಲಿ. ಬಾಣಲೆ, ಬಟ್ಟೆ, ಅವಳ ಉಡಿ, ಎಲ್ಲ ನೋಡುತ್ತಾರೆ. ಎಲೆ ಬಾಡಿಸಿ ಗಂಟು ಕಟ್ಟಿದ ಮೇಲೆ ಅರಗು ಸುರಿದು ತಮ್ಮ ಉಂಗುರ ಒತ್ತುತ್ತಾರೆ. ಮುದ್ರೆ ಒಡೆಯದ ಗಂಟು ಮೂರನೆಯ ದಿನ ಹುಬ್ಬಳ್ಳಿ ಮುಟ್ಟಬೇಕು. ಅಲ್ಲಿ ಬಿಚ್ಚಿದಾಗ ಪರಿಮಳವಿದ್ದರೆ ಕರಾರು.

"ನಡುವ ಬಿಚ್ಚಬೇಕಲ್ರಿ ಸಾವಕಾರ್ರ."

"ಬಿಚ್ಚಿದಾಗನ ಅಲ್ಲೇನು ನೀ ಹಣ್ಣು ಹಾಕೋದು!"

ಉಂಗುರದೊಂದಿಗೆ ಅವರು ಮರಳಿ ಹೋಗುತ್ತಾರೆ. ರಾಜೇಸಾಬ ಗಂಟಿನ ಕಾವಲಿಗೆ ಕೂರುತ್ತಾನೆ.

ಮಧ್ಯಾಹ್ನದೊಳಗೆ ಮುದಕವ್ವ ಗಂಟಿನ ಮೇಲೆ ನಾಲ್ಕು ಸಲ ಅಂಗೈ ಇಟ್ಟು ನೋಡುತ್ತಾಳೆ.

"ಏನವ್ವಾ, ಕೂಸಿಗೆ ಜ್ವರ ಬಂದೈತೇನು?" ರಾಜೇಸಾಬ ಚೇಷ್ಟೆ ಮಾಡುತ್ತಾನೆ.

"ಬಂದೈತಿ ತಮ್ಮಾ. ಇನ್ನ ತಡದ್ರ ಹುಳಿ ಹಿಡಿತೈತಿ."

ರಾಜೇಸಾಬನ ನಗು ಇಳಿಯುತ್ತದೆ. "ಮುದ್ರಿ ಒಡದ್ರ ಸಾವಕಾರ್ರು ಕೈಲೆ ಮುಟ್ಟೂದಿಲ್ಲ ನೋಡು. ನಾ ಎಷ್ಟ ಆಣಿ ಮಾಡಿದ್ರೂ ನಂಬೂದಿಲ್ಲ. ನಿನ್ನ ಗಿಡಾನೂ ಹೋಗ್ತಾವ."

"ಒಡೀಲಿಲ್ಲಂದ್ರ ಎಲಿ ಹೋಗ್ತೈತಿ."

"ಹೋದ್ರ ಒಂದ ಸೇರು ಎಲಿ. ಜರಾ ಹುಳಿ ಆದ್ರೂ ವಾಸನಿ ಇರ್ತೈತಲ್ಲ? ಅವರಿಗೇನು ತಿಳಿತೈತಿ. ಮುದ್ರಿ ಇದ್ರ ಕರಾರು ಮಾಡ್ಯಾರು. ಸುಮ್ಮನಿರವ್ವಾ."

ಅವನ ಮಾತು ಸುಳ್ಳಲ್ಲ. ಮುದಕವ್ವ ಹೊಸ್ತಿಲಿಗೆ ಹೋಗಿ ಬೇಲಿಯ ಕಡೆ ನೋಡುತ್ತ ನಿಲ್ಲುತ್ತಾಳೆ. ಇನ್ನೊಂದು ಸಲ ಬಂದು ಗಂಟು ಮುಟ್ಟುತ್ತಾಳೆ. ಆಮೇಲೆ ಗೋಡೆಗೆ ಸಿಕ್ಕಿಸಿದ ಕುಡಗೋಲು ತೆಗೆದು, ಅದರ ತುದಿಯಿಂದ ಅರಗು ಎಬ್ಬಿಸುತ್ತಾಳೆ. ರಾಜೇಸಾಬ ಎದ್ದು ನಿಲ್ಲುತ್ತಾನೆ, ಕೈ ಹಿಡಿಯುವುದಿಲ್ಲ.

ಬಟ್ಟೆ ಬಿಚ್ಚಿದೊಡನೆ ಪಡಸಾಲೆಯೆಲ್ಲ ಪರಿಮಳ. ಅವನು ಬಗ್ಗಿ ಮೂಸುತ್ತಾನೆ. ಮತ್ತೊಮ್ಮೆ ಮೂಸುತ್ತಾನೆ.

"ಮಾವಲ್ಲಿದು. ಯಾ ಹಣ್ಣವ್ವಾ?"

"ನನಗೂ ತಿಳಿದಿಲ್ಲ ತಮ್ಮಾ. ಹತ್ತು ವರ್ಸಾತು, ಹುಡುಕಾಕತ್ತೇನಿ."

ಮೂರನೆಯ ದಿನ ರಾಜೇಸಾಬ ಒಣಗಿದ ಚಹಾ ಒಯ್ದ. ನಡೆದದ್ದನ್ನು ನಡೆದಂತೆ ಹೇಳಿದ. ವಾರದೊಳಗೆ ಕಾಗದ ಬಂತು: ಮುದ್ರೆಯಿಲ್ಲದ ಮಾಲು ಬೇಡ. ಕುಬೇರಪ್ಪ ಆಡಿದಂತೆಯೇ ಮಾಡಿದ. ಹದಿನೇಳು ಗಿಡ ಬೇರು ಮೇಲಾದವು. ಬಾವಿಯ ಕಡೆಯ ಎರಡು ಮಾತ್ರ ಕೊಟ್ಟಿಗೆಗೆ ಅಡ್ಡ ಬರುವುದಿಲ್ಲವೆಂದು ಉಳಿದಿವೆ.

ಮುದಕವ್ವ ಈಗ ಆ ಎರಡರ ಕುಡಿ ಮುರಿಯುತ್ತಾಳೆ. ಒಂದು ಮುಷ್ಟಿ ಎಲೆಗೆ ಅಷ್ಟು ದೊಡ್ಡ ಬಾಣಲೆ ಕಾಯುತ್ತದೆ.

"ಎರಡು ಗಿಡಕ್ಕ ಇಷ್ಟ್ಯಾಕ ಒದ್ದಾಡ್ತೀ ಅಂತಾರ್ರಿ ಮಂದಿ. ಒಂದು ಬಟ್ಟಲ ಆಗ್ತೈತಿ, ಆಗ್ಲಿ. ಮುದಕವ್ವ ಹುಳಿ ಚಹಾ ಕಳಿಸ್ಯಾಳ ಅಂತ ಹುಬ್ಬಳ್ಳ್ಯಾಗ ಯಾರೂ ಅಂದಿಲ್ಲಲ್ರಿ."