ದಿಲ್‌ಪಸಂದಿಗೆ ಕಡ್ಲೆಹಿಟ್ಟು ಹಚ್ಚಿದ ಬೆಳಿಗ್ಗೆ

ಭಾನುವಾರ, ಬೆಳಿಗ್ಗೆ ಏಳೂಕಾಲು. ನಿಟ್ಟುವಳ್ಳಿಯ ನಮ್ಮ ಅಡುಗೆಮನೆಯಲ್ಲಿದ್ದವರು ನಾನು ಮತ್ತು ನನ್ನ ಸೊಸೆ. ಪೂಜೆ ಮುಗಿದಿತ್ತು. ಕಟ್ಟೆಯ ಮೇಲೆ ಕೊಬ್ಬರಿ ಹೂರಣದ ದಿಲ್‌ಪಸಂದ್ ಆರು ತುಂಡು, ಒಣಗಿ ಹಲಗೆಯಂತಾಗಿದ್ದವು.

ಅವನ್ನು ಗುರುವಾರ ಹರಿಹರದಿಂದ ಕಳಿಸಿದವಳು ನನ್ನ ತಂಗಿ. ಅರವತ್ತು ದಾಟಿದ ಮೇಲೆ ಓವನ್ ತೆಗೆದುಕೊಂಡು ಬೇಕರಿ ತಿನಿಸು ಮಾಡಲು ಕಲಿತಿದ್ದಾಳೆ. ಅವಳ ಬೀದಿಯವರೊಬ್ಬರು ಮಗಳ ನಿಶ್ಚಿತಾರ್ಥಕ್ಕೆ ದಿಲ್‌ಪಸಂದ್ ಮಾಡಿಕೊಡುತ್ತೀರಾ ಎಂದು ಕೇಳಿದ್ದರು. ಅದು ಅವಳಿಗೆ ಬಂದ ಮೊದಲ ಆರ್ಡರ್. "ತಿಂದು ಹೇಳಕ್ಕಾ. ನೀ ಹ್ಞೂಂ ಅಂದ್ರೆ ಒಪ್ಕೊಂತೀನಿ" ಎಂದಿದ್ದಳು. ಆದರೆ ಹಾಸ್ಟೆಲ್ ವಾರ್ಡನ್ ಆಗಿದ್ದ ಕಾಲದಿಂದಲೂ ನನ್ನದೊಂದು ನಿಯಮ: ಸಿಹಿ ತಿಂಡಿ ಭಾನುವಾರ ಮಾತ್ರ, ಅದೂ ಪೂಜೆಯ ನಂತರ. ಡಬ್ಬಿಯನ್ನು ಹಾಗೆಯೇ ಫ್ರಿಜ್ಜಿನಲ್ಲಿಟ್ಟಿದ್ದೆ.

ಈಗ ಕಚ್ಚಿದರೆ ಹಲ್ಲು ನೋಯುತ್ತಿತ್ತು. ಸೊಸೆ ಮೊಬೈಲ್ ನೋಡಿ, ಹಳೆಯ ಬೇಕರಿ ತಿನಿಸಿನಿಂದ ಏರ್ ಫ್ರೈಯರ್‌ನಲ್ಲಿ ಫ್ರೆಂಚ್ ಟೋಸ್ಟ್ ಮಾಡಬಹುದು ಎಂದಳು. ಅದಕ್ಕೆ ಮೊಟ್ಟೆ ಬೇಕು. ನಮ್ಮ ಮನೆಯ ಹೊಸಿಲು ದಾಟಿ ಮೊಟ್ಟೆ ಎಂದೂ ಬಂದಿಲ್ಲ.

"ಹಾಲಿಗೆ ಕಸ್ಟರ್ಡ್ ಪುಡಿ ಕದಡ್ರಿ ಅತ್ತೆ, ಸಾಕು."

"ಪುಡಿ ಯಾಕ? ಕಡ್ಲೆಹಿಟ್ಟು ಐತಲ್ಲ. ನಲವತ್ತು ವರ್ಷ ಮೆಣಸಿನಕಾಯಿ ಬಜ್ಜಿಗೆ ಹಿಟ್ಟು ಕಲಸೀನಿ."

"ಅದು ಬಾಂಡ್ಲಿ ಅಲ್ರಿ, ಬರೇ ಬಿಸಿಗಾಳಿ."

ನಾನು ಕೇಳಲಿಲ್ಲ. ಐದು ತುಂಡನ್ನು ಹಿಟ್ಟಿನಲ್ಲಿ ಅದ್ದಿ ಫ್ರೈಯರ್‌ನ ಜಾಲರಿಯ ಮೇಲಿಟ್ಟು ಗುಂಡಿ ತಿರುಗಿಸಿದೆ. ಎಣ್ಣೆಯಲ್ಲಾದರೆ ಹಿಟ್ಟು ಬಿದ್ದ ಕ್ಷಣವೇ ಬಿಗಿಯುತ್ತದೆ. ಇಲ್ಲಿ ಅದು ಜಾಲರಿಯ ಕಂಡಿಗಳಿಂದ ತೊಟ್ಟಿಕ್ಕಿ, ಕೆಳಗೆ ಸೀದು, ಹೊಗೆ ಎಬ್ಬಿಸಿತು. ಪದರಗಳು ಬಿಚ್ಚಿಕೊಂಡವು, ಕೊಬ್ಬರಿ ತುರಿ ಗಾಳಿಗೆ ಹಾರಿ ಒಳಗೆಲ್ಲ ಅಂಟಿ ಕರಕಲಾಯಿತು. ಎಳೆದರೆ ತುಂಡು ಬರಲಿಲ್ಲ, ಚೂರು ಬಂತು. ಸೊಸೆ ಕಿಟಕಿ ತೆಗೆದಳು. ಅವಳು ಬೈದಿದ್ದರೆ ವಾಸಿಯಿತ್ತು.

ಉಳಿದದ್ದು ಒಂದೇ ತುಂಡು. ಅದನ್ನು ಅವಳು ಹೇಳಿದಂತೆಯೇ ಕಸ್ಟರ್ಡ್ ಹಾಲಿನಲ್ಲಿ ಅದ್ದಿ, ತಟ್ಟೆಯಲ್ಲಿ ಸೋರಲು ಬಿಟ್ಟು, ಜಾಲರಿಯ ಒಂದು ಮೂಲೆ ಒರೆಸಿ ಅಲ್ಲಿ ಐದು ನಿಮಿಷ ಇಟ್ಟೆ. ಅಂಚು ಗರಿಗರಿ, ಒಳಗೆ ಮೆತ್ತಗೆ. ಕೊಬ್ಬರಿಗೆ ಏಲಕ್ಕಿ ಹದವಾಗಿ ಹಿಡಿದಿತ್ತು. ಮೂರು ದಿನ ಒಣಗಿದ್ದೇ ಹೀಗಿದ್ದರೆ ಆ ದಿನವೇ ತಿಂದಿದ್ದರೆ ಹೇಗಿರುತ್ತಿತ್ತೋ! ಕೈ ಒರೆಸಿಕೊಂಡವಳೇ ತಂಗಿಗೆ ಫೋನ್ ಮಾಡಿದೆ.

"ಚೆನ್ನಾಗೈತೆ ಕಣೆ. ಒಪ್ಕೊ."



"ಈಗ ತಿಂದ್ಯಾ? ಹಾಸ್ಟೆಲ್ ಹುಡುಗೀರ ಹಂಗೆ ಅದನ್ನೂ ಕೂಡಿ ಹಾಕಿದ್ಯಾ?"

"ಭಾನುವಾರ ತಾನೆ ತಿನ್ನೋದು."

"ಮೂರು ದಿನ ನೀ ಸುಮ್ಕಿದ್ದಿ. ಚೆನ್ನಾಗಿಲ್ಲ, ಹೇಳಾಕೆ ಅಕ್ಕಂಗೆ ಮನಸಿಲ್ಲ ಅನ್ಕೊಂಡೆ. ನಿನ್ನೆ ಸಂಜೆ ಅವ್ರಿಗೆ ಬ್ಯಾಡ ಅಂದ್ಬಿಟ್ಟೆ."

"ಈಗ್ಲೇ ಹೋಗಿ ಮಾಡ್ತೀನಿ ಅನ್ನು!"

"ಬೇಕರಿಗೆ ಹೇಳಿ ಆಯ್ತಂತಕ್ಕಾ."

ನಗುತ್ತಲೇ ಹೇಳಿದಳು. ಆ ನಗೆ ನನಗೆ ಗೊತ್ತು. ತಪ್ಪು ನನ್ನದು ಎಂದೆ. ಇರ್ಲಿ ಬಿಡು ಎಂದಳು. ಫೋನ್ ಇಟ್ಟೆ.

ಸೊಸೆ ಜಾಲರಿಗೆ ಕೈ ಹಾಕಿದಳು. ಬ್ಯಾಡ, ನಾನೇ ತೊಳಿತೀನಿ ಎಂದೆ. ಬಿಸಿನೀರಿನಲ್ಲಿ ನೆನೆಹಾಕಿ, ಒಂದೊಂದೇ ಕಂಡಿಯಿಂದ ಸೀದ ಹಿಟ್ಟನ್ನು ಕೆರೆದು ತೆಗೆದೆ. ಮುಗಿದಾಗ ಹನ್ನೊಂದೂವರೆ.